ಅಳಿಸೋಕಂತಲೇ ಎಳೆದ ನೀಲಿ ಗೆರೆ

(1/11)

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ನೂರು ವರ್ಷ ದಾಟಿದ ಕ್ವಿಲ್ಟ್‌ಗಳು ಇವತ್ತಿಗೂ ಇವೆ. ಕೌಂಟಿ ಡರ್ಹಮ್‌ನ ಬೀಮಿಶ್ ಮ್ಯೂಸಿಯಂನಲ್ಲಿ ಅವುಗಳ ದೊಡ್ಡ ಸಂಗ್ರಹವೇ ಇದೆ. ದೂರದಿಂದ ನೋಡಿದರೆ ಬರೀ ಬಿಳಿ ಹೊದಿಕೆ. ಹತ್ತಿರ ಹೋದರೆ ಬಿಳಿ ದಾರದಲ್ಲಿ ಹೊಲಿದ ಗುಲಾಬಿ, ಬಳ್ಳಿ, ಗರಿ ಕಾಣಿಸ್ತವೆ. ಇನ್ನೂ ಹತ್ತಿರ ಹೋದರೆ, ಎಲ್ಲದರಲ್ಲೂ ಅಲ್ಲ, ಕೆಲವದರಲ್ಲಿ ಹೊಲಿಗೆಯ ಅಡಿಯಲ್ಲೇ ತೆಳ್ಳಗೆ ಒಂದು ನೀಲಿ ಗೆರೆ. ಪೆನ್ಸಿಲ್ ಗೆರೆ.

ಡಿಸೈನ್ ಎಲ್ಲಿ ಬರಬೇಕು ಅಂತ ಹೊಲಿಯೋಕೆ ಮುಂಚೆ ಯಾರೋ ಹಾಕಿದ ಗುರುತು ಅದು. ಹೊಲಿದು ಮುಗಿದ ಮೇಲೆ ಒಗೆದು ತೆಗೀಬೇಕಿತ್ತು. ಆ ಮನೆಯವರು ಯಾಕೋ ಒಗೆಯಲೇ ಇಲ್ಲ. ಅದಕ್ಕೇ ಉಳಿದಿದೆ.

ಈ ಸಲದ ಸರಣಿ ಆ ಗೆರೆ ಬಗ್ಗೆ. ಅದನ್ನ ಯಾರು ಎಳೀತಿದ್ರು, ಅದಕ್ಕೆ ದುಡ್ಡು ಯಾಕೆ ಕೊಡ್ತಿದ್ರು, ಹೇಗೆ ಅಳಿಸ್ತಿದ್ರು, ಅಳಿಸಿದಾಗ ಅದರ ಜೊತೆ ಇನ್ನೇನು ಹೋಯ್ತು. ಬಿಕಾಂನವರಿಗೆ ಇದರಲ್ಲೇನು ಕೆಲಸ ಅಂತ ಕೇಳ್ಬೇಡಿ. ನಾಲ್ಕನೇ ಪೋಸ್ಟಿಗೆ ಬನ್ನಿ, ನಮ್ಮ ಸಿಲಬಸ್ಸೇ ಸಿಗುತ್ತೆ.

ಮೊದಲು ಒಂದು ಮಾತು ಸ್ಪಷ್ಟ ಮಾಡ್ಬಿಡ್ತೀನಿ. ಕ್ವಿಲ್ಟ್ ಅಂದ್ರೆ ಮೂರು ಪದರ. ಮೇಲೊಂದು ಬಟ್ಟೆ, ಮಧ್ಯೆ ಹತ್ತಿ ಅಥವಾ ಉಣ್ಣೆ, ಕೆಳಗೆ ಇನ್ನೊಂದು ಬಟ್ಟೆ. ಒಳಗಿನ ಹತ್ತಿ ಒಂದೇ ಕಡೆ ಗಂಟುಕಟ್ಟಬಾರದು ಅಂತ ಮೂರನ್ನೂ ಸೇರಿಸಿ ಉದ್ದಕ್ಕೂ ಹೊಲೀತಾರೆ. ಹೊಲಿಗೆ ಹೇಗಿದ್ರೂ ಬೇಕೇ ಬೇಕು, ಹಾಗಾದ್ರೆ ಚೆಂದವಾಗೇ ಹೊಲಿಯೋಣ ಅಂತ ಅದು ಹೂವಾಯ್ತು, ಬಳ್ಳಿಯಾಯ್ತು. ಇಲ್ಲಿ ಬಣ್ಣದ ದಾರ ಇಲ್ಲ. ಹೊಲಿದ ಜಾಗ ತಗ್ಗಾಗಿ, ಪಕ್ಕದ ಜಾಗ ಉಬ್ಬಿ, ಆ ನೆರಳಿನಲ್ಲೇ ಚಿತ್ರ ಕಾಣಬೇಕು.

(2/11) ಪೆನ್ಸಿಲ್‌ಗಿಂತ ಮುಂಚೆ

ಮಂಚದಷ್ಟು ಅಗಲದ ಬಟ್ಟೆ ಮೇಲೆ ಕೈಯಳತೆಯಲ್ಲಿ ಹೂ ಹೊಲೀತಾ ಹೋದರೆ ಏನಾಗುತ್ತೆ? ಎಡಗಡೆ ಎಂಟು ಎಲೆ ಬಂದರೆ ಬಲಗಡೆ ಆರೂವರೆ ಬರುತ್ತೆ. ಅದಕ್ಕೇ ಗುರುತು ಬೇಕು. ಆದರೆ ಗುರುತಿನ ಕೆಲಸದಲ್ಲೇ ಒಂದು ಜಗಳ ಇದೆ. ಹೊಲಿಯುವಷ್ಟು ದಿನ, ಅಂದ್ರೆ ವಾರಗಟ್ಟಲೆ, ಅದು ಕಣ್ಣಿಗೆ ಕಾಣಬೇಕು. ಮುಗಿದ ಮರುದಿನ ಕಾಣಬಾರದು. ಗಟ್ಟಿಯಾಗಿ ಕೂತರೆ ಹೋಗಲ್ಲ. ಸುಲಭವಾಗಿ ಹೋಗುವಂಥದ್ದು ಹೊಲಿಯೋಕೆ ಮುಂಚೆಯೇ ಕೈಗೆ ತಾಗಿ ಅಳಿಸಿ ಹೋಗುತ್ತೆ. ಈ ಸರಣಿಯಲ್ಲಿ ಬರೋ ಎಲ್ಲ ಉಪಾಯಗಳೂ ಈ ಜಗಳ ಬಗೆಹರಿಸೋಕೆ ಹುಟ್ಟಿದ್ದೇ.

ಡರ್ಹಮ್, ನಾರ್ತಂಬರ್ಲೆಂಡ್ ಕಡೆಯ ಹೆಂಗಸರ ಹಳೇ ಉಪಾಯ ಸೂಜಿ. ದಪ್ಪ, ಮೊಂಡು ತುದಿಯ ಸೂಜಿಯನ್ನ ಓರೆಯಾಗಿ ಹಿಡಿದು ಬಟ್ಟೆ ಮೇಲೆ ಒತ್ತಿ ಎಳೆಯೋದು. ಬಣ್ಣ ಇಲ್ಲ, ಪುಡಿ ಇಲ್ಲ, ಬರೀ ಒಂದು ಗೀರು, ಮಡಿಕೆ ಬಿದ್ದ ಹಾಗೆ. ಹೊಲಿಗೆ ಅದರ ಮೇಲೆ ಹೋದ ಮೇಲೆ ಗೀರು ತಾನಾಗೇ ಮಾಯ. ಒಗೆಯೋದೇ ಬೇಡ. ಆದರೆ ಗೀರು ಜಾಸ್ತಿ ಹೊತ್ತು ನಿಲ್ಲಲ್ಲ. ಹಾಗಾಗಿ ಬಟ್ಟೆಯನ್ನ ಮರದ ಚೌಕಟ್ಟಿಗೆ ಬಿಗಿದು, ಮುಂದಿರುವ ಒಂದು ಪಟ್ಟಿಯಷ್ಟಕ್ಕೆ ಮಾತ್ರ ಗೀರು ಎಳೆದು, ಹೊಲಿದು, ಸುತ್ತಿ, ಮುಂದಿನ ಪಟ್ಟಿಗೆ ಹೋಗ್ತಿದ್ರು. ಪೂರ್ತಿ ಡಿಸೈನ್ ತಲೆಯಲ್ಲೇ ಇರಬೇಕಿತ್ತು.

ವೇಲ್ಸ್ ಕಡೆ ಟೇಲರ್ ಚಾಕ್ ಬಳಕೆ ಹೆಚ್ಚು. ನೇರ ಗೆರೆ ಬೇಕಿದ್ದರೆ ದಾರಕ್ಕೆ ಚಾಕ್ ಪುಡಿ ಸವರಿ, ಎರಡು ತುದಿ ಬಿಗಿಹಿಡಿದು, ಮಧ್ಯೆ ಎತ್ತಿ ಬಿಡೋದು. ನಮ್ಮ ಬಡಗಿಗಳು, ಗಾರೆಯವರು ದಾರ ಹೊಡೀತಾರಲ್ಲ, ಅದೇ. ಆಕಾರಗಳಿಗೆ ತಗಡು, ರಟ್ಟು ಇಲ್ಲ ಮರದ ಅಚ್ಚು. ಅದೂ ಇಲ್ಲದವರಿಗೆ ಅಡುಗೆಮನೆಯ ತಟ್ಟೆ, ಲೋಟ. ಅಚ್ಚಿನಿಂದ ಬರೀ ಹೊರಗಿನ ಗೆರೆ ಬರ್ತಿತ್ತು. ಒಳಗಿನ ನರ, ಎಸಳು ಎಲ್ಲ ಕೈಯಿಂದಲೇ.

(3/11) ಡರ್ಟ್ ಪಾಟ್ ಊರಿನ ಅಂಗಡಿಯವನು

ಈಗ ನೀಲಿ ಪೆನ್ಸಿಲ್ಲಿಗೆ ಬರೋಣ. ನಾರ್ತಂಬರ್ಲೆಂಡ್‌ನ ಗುಡ್ಡಗಳ ನಡುವೆ ಆಲನ್‌ಹೆಡ್ಸ್ ಅಂತ ಒಂದು ಹಳ್ಳಿ. ಸೀಸದ ಗಣಿಗೆ ಹೆಸರಾಗಿದ್ದ ಜಾಗ. ಅದರ ಪಕ್ಕದಲ್ಲಿ ಇನ್ನೊಂದು ಪುಟ್ಟ ಊರು, ಹೆಸರು ಡರ್ಟ್ ಪಾಟ್. ನಿಜವಾಗ್ಲೂ ಅದೇ ಹೆಸರು.

19ನೇ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿ ಜಾರ್ಜ್ ಗಾರ್ಡಿನರ್ ಅನ್ನೋರು ಅಂಗಡಿ ಇಟ್ಕೊಂಡಿದ್ರು. ಹೆಂಗಸರ ಟೋಪಿಗಳಿಗೆ ರಿಬ್ಬನ್, ಹೂವು ಇಟ್ಟು ಅಲಂಕಾರ ಮಾಡೋದ್ರಲ್ಲಿ ಅವರ ಕೈ ಫೇಮಸ್. ಸುತ್ತಲಿನ ಹಳ್ಳಿ ಹುಡುಗೀರು ಟೋಪಿಗಾಗಿ ಅವರ ಹತ್ತಿರ ಬರ್ತಿದ್ರು. ಇವರೇ ಕ್ವಿಲ್ಟ್‌ನ ಮೇಲುಬಟ್ಟೆ ಮೇಲೆ ಡಿಸೈನ್ ಬರೆದುಕೊಡೋ ಕೆಲಸವನ್ನೂ ಶುರು ಮಾಡಿದ್ರು. ಹೊಲಿಗೆ ನಿಮ್ಮದು, ಚಿತ್ರ ನಮ್ಮದು ಅನ್ನೋ ಲೆಕ್ಕ.

ಸೂಜಿಗೀರಿಗೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ. ಸೂಜಿಗೀರಿನಲ್ಲಿ ಡಿಸೈನ್ ಹಾಕೋರೂ ಹೊಲಿಯೋರೂ ಒಬ್ಬರೇ ಆಗಿರಬೇಕು, ಯಾಕಂದ್ರೆ ಗೀರು ಬಹಳ ಹೊತ್ತು ಉಳಿಯಲ್ಲ. ನೀಲಿ ಪೆನ್ಸಿಲ್ ಗೆರೆ ಉಳಿಯುತ್ತೆ. ಬಟ್ಟೆಯನ್ನ ಮೇಜಿನ ಮೇಲೆ ಹರಡಿ, ಒಂದೇ ಸಲಕ್ಕೆ ಇಡೀ ಹೊದಿಕೆಯ ಚಿತ್ರ ಬರೆದು, ಮಡಿಸಿ, ಬೇರೆ ಊರಿಗೆ ಕಳಿಸಬಹುದು. ಅಲ್ಲಿ ಯಾರೋ ಇನ್ನೊಬ್ಬರು ತಮಗೆ ಬಿಡುವಾದಾಗ ಹೊಲಿಯಬಹುದು. ಮುಗಿದ ಮೇಲೆ ಒಗೆದರೆ ಆಯ್ತು.

ಅಂದ್ರೆ ಗುರುತು ಹಾಕೋ ಸಾಮಾನು ಬದಲಾಗಿದ್ದಕ್ಕೆ ಒಂದು ಹೊಸ ಉದ್ಯೋಗವೇ ಹುಟ್ಟಿಕೊಂಡ್ತು. ಈ ಕೆಲಸದವರನ್ನ ಅಲ್ಲಿ ಕ್ವಿಲ್ಟ್ ಸ್ಟಾಂಪರ್ ಅಂತ ಕರೀತಿದ್ರು. ಹೆಸರು ಕೇಳಿದ್ರೆ ಮೊಹರು ಒತ್ತೋ ಕೆಲಸ ಅನ್ಸುತ್ತೆ. ಮೊಹರು ಇಲ್ಲವೇ ಇಲ್ಲ. ಎಲ್ಲಾ ಅಚ್ಚು, ಪೆನ್ಸಿಲ್ ಮತ್ತು ಕೈ.

(4/11) ಎಲಿಜಬೆತ್ ಸ್ಯಾಂಡರ್ಸನ್

ಗಾರ್ಡಿನರ್ ಹತ್ತಿರ ಕೆಲಸ ಕಲಿತವರಲ್ಲಿ ಒಬ್ಬರು ಎಲಿಜಬೆತ್ ಸ್ಯಾಂಡರ್ಸನ್. ಹುಟ್ಟಿದ್ದು 1861ರಲ್ಲಿ. ಗುರುವಿಗಿಂತ ಶಿಷ್ಯೆಯ ಹೆಸರೇ ಜಾಸ್ತಿ ಉಳೀತು. ಜೀವನಪೂರ್ತಿ ಅವರು ಮಾಡಿದ್ದು ಇದೇ ಕೆಲಸ. ಬೇರೆ ಬೇರೆ ಊರಿನ ಹೆಂಗಸರು ಬಟ್ಟೆ ಕಳಿಸ್ತಿದ್ರು, ಇವರು ಡಿಸೈನ್ ಬರೆದು ವಾಪಸ್ ಕಳಿಸ್ತಿದ್ರು. ಕೆಂಪು–ಬಿಳಿ ಬಟ್ಟೆಯಲ್ಲಿ ದೊಡ್ಡ ಎಂಟು ಮೂಲೆ ನಕ್ಷತ್ರ, ಸುತ್ತ ಪಟ್ಟಿಗಳು ಇರೋ ಒಂದು ಮಾದರಿಗೆ ಇವತ್ತಿಗೂ ಸ್ಯಾಂಡರ್ಸನ್ ಸ್ಟಾರ್ ಅಂತಲೇ ಹೆಸರು.

ಅವರೂ ಹುಡುಗಿಯರನ್ನ ಅಪ್ರೆಂಟಿಸ್ ಆಗಿ ತಗೊಂಡ್ರು. ಮೊದಲ ವರ್ಷ ಸಂಬಳ ಇಲ್ಲ, ಕಲಿಕೆ ಮಾತ್ರ. ಆಮೇಲೆ ಕೂಲಿ. ಆ ಹುಡುಗಿಯರಲ್ಲಿ ಕೆಲವರು ಮುಂದೆ ತಾವೇ ಸ್ಟಾಂಪರ್ ಆದ್ರು. ಆ ಕಣಿವೆಯ ಶೈಲಿ ಹೀಗೆ ಕೈಯಿಂದ ಕೈಗೆ ಹೋಯ್ತು: ನಡುವೆ ದೊಡ್ಡ ಹೂಗೊಂಚಲು, ಅಂಚಿಗೆ ಸುರುಳಿ ಬಳ್ಳಿ, ಖಾಲಿ ಜಾಗಕ್ಕೆಲ್ಲ ಓರೆ ಗೆರೆಗಳ ಚೌಕಳಿ.

ಇಲ್ಲಿಗೆ ನಮ್ಮ ಸಿಲಬಸ್ ಬಂತು. ಆಡಮ್ ಸ್ಮಿತ್ 1776ರಲ್ಲಿ ಬರೆದ ಗುಂಡುಸೂಜಿ ಕಾರ್ಖಾನೆ ನೆನಪಿದೆ ಅಲ್ವಾ? ಒಬ್ಬ ತಂತಿ ಎಳೀತಾನೆ, ಒಬ್ಬ ಕತ್ತರಿಸ್ತಾನೆ, ಒಬ್ಬ ಮೊನೆ ಮಾಡ್ತಾನೆ. ಕೆಲಸ ಹಂಚಿದ್ರೆ ಉತ್ಪಾದನೆ ಹೆಚ್ಚುತ್ತೆ. ಇಲ್ಲಿ ಕಾರ್ಖಾನೆ ಇಲ್ಲ, ಆದರೆ ಹಂಚಿಕೆ ಅದೇ. ದಿನವಿಡೀ ಬರೆಯೋದನ್ನೇ ಮಾಡೋರ ಕೈ ಎಷ್ಟು ಸಲೀಸಾಗಿರುತ್ತೆ ಅಂತ ಯೋಚಿಸಿ. ಮನೆಯಲ್ಲಿ ವರ್ಷಕ್ಕೊಂದು ಕ್ವಿಲ್ಟ್ ಹೊಲಿಯೋಳಿಗೆ ಅಚ್ಚು ಜೋಡಿಸಿ, ಮಧ್ಯ ಹುಡುಕಿ, ಮೂಲೆ ಸರಿಹೊಂದಿಸೋಕೆ ದಿನಗಟ್ಟಲೆ ಹಿಡಿಯುತ್ತೆ. ದುಡ್ಡು ಕೊಟ್ಟು ಆ ತಲೆನೋವು ಕಳ್ಕೊಳ್ಳೋದು ಲಾಭವೇ.

(5/11) ಕಾಸ್ಟ್ ಶೀಟಲ್ಲಿ ಇದೆ, ಕ್ವಿಲ್ಟಲ್ಲಿ ಇಲ್ಲ

ಒಂದು ಕ್ವಿಲ್ಟ್‌ಗೆ ಕಾಸ್ಟ್ ಶೀಟ್ ಹಾಕಿ ನೋಡೋಣ. ಬಟ್ಟೆ, ಹತ್ತಿ, ದಾರ: ಕಚ್ಚಾ ಸಾಮಗ್ರಿ. ಡಿಸೈನ್ ಬರೆದವರ ಕೂಲಿ, ಹೊಲಿದವರ ಕೂಲಿ: ನೇರ ಶ್ರಮ. ಎರಡೂ ಕೂಲಿಯೇ, ಎರಡೂ ಒಂದೇ ಕಾಲಂನಲ್ಲಿ ಬರ್ತವೆ.

ಈಗ ಮುಗಿದ ಕ್ವಿಲ್ಟ್ ನೋಡಿ. ಬಟ್ಟೆ ಕಾಣುತ್ತೆ. ಹತ್ತಿ ಉಬ್ಬಿರೋದು ಕಾಣುತ್ತೆ. ದಾರ ಕಾಣುತ್ತೆ, ಸಾವಿರಾರು ಹೊಲಿಗೆ ಕಾಣುತ್ತೆ. ಬರೆದ ಗೆರೆ ಮಾತ್ರ ಕಾಣಲ್ಲ, ಯಾಕಂದ್ರೆ ಒಗೆದಾಯ್ತು. ಕೆಲಸ ಚೆನ್ನಾಗಿ ಆಗಿದೆ ಅನ್ನೋಕೆ ಸಾಕ್ಷಿಯೇ ಆ ಗೆರೆ ಇಲ್ಲದಿರೋದು.

ಅದರ ಪರಿಣಾಮ ಏನಾಯ್ತು ಅಂದ್ರೆ, ಕ್ವಿಲ್ಟ್ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೋಗುವಾಗ "ಇದು ನಮ್ಮ ಮುತ್ತಜ್ಜಿ ಮಾಡಿದ್ದು" ಅನ್ನೋ ಮಾತು ಮಾತ್ರ ಜೊತೆಗೆ ಹೋಯ್ತು. ಅದು ಸುಳ್ಳೇನಲ್ಲ. ಮುತ್ತಜ್ಜಿ ಹೊಲಿದಿದ್ದು ನಿಜ. ಆದರೆ ಆ ಗುಲಾಬಿ ಎಲ್ಲಿ ಕೂರಬೇಕು, ಬಳ್ಳಿ ಯಾವ ಕಡೆ ತಿರುಗಬೇಕು ಅಂತ ತೀರ್ಮಾನ ಮಾಡಿದ್ದು ಇನ್ನೊಂದು ಊರಿನ ಇನ್ನೊಬ್ಬ ಹೆಂಗಸು. ಅವಳ ಹೆಸರು ನೀರಿನ ಜೊತೆ ಹೋಯ್ತು.

1990ರಿಂದ 1993ರವರೆಗೆ ಬ್ರಿಟನ್ನಿನ ಕ್ವಿಲ್ಟರ್ಸ್ ಗಿಲ್ಡ್ ಬೇರೆ ಬೇರೆ ಊರುಗಳಲ್ಲಿ ದಾಖಲಾತಿ ದಿನಗಳನ್ನ ಮಾಡ್ತು. ಮನೆಯಲ್ಲಿರೋ ಹಳೇ ಕ್ವಿಲ್ಟ್ ತನ್ನಿ, ನಾವು ಬರ್ಕೊಳ್ತೀವಿ ಅಂತ. ಇಂಥ ಕೆಲಸದಲ್ಲಿ ನೀಲಿ ಗೆರೆ ಉಳಿದಿರೋ ಒಂದು ಕ್ವಿಲ್ಟ್ ಸಿಕ್ಕರೆ ಅದು ದೊಡ್ಡ ಸುಳಿವು. ಇದು ಸ್ಟಾಂಪರ್ ಬರೆದದ್ದು, ಇದರ ಹಿಂದೆ ಎರಡು ಕೈ ಇವೆ ಅಂತ ಗೊತ್ತಾಗುತ್ತೆ. ಒಗೆದು ಸ್ವಚ್ಛವಾದ ಕ್ವಿಲ್ಟ್ ಆ ವಿಷಯ ಹೇಳಲ್ಲ, ಶೈಲಿ ನೋಡಿ ಊಹಿಸಬೇಕು.

(6/11) ಕ್ವಿಲ್ಟ್ ಕ್ಲಬ್, ಅಂದ್ರೆ ಚೀಟಿ

ಇದೆಲ್ಲ ಶ್ರೀಮಂತರ ಹವ್ಯಾಸ ಅಂದ್ಕೋಬೇಡಿ. ಡರ್ಹಮ್ ಮತ್ತು ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಊರುಗಳಲ್ಲಿ ಗಂಡ ಗಣಿಯಲ್ಲಿ ಸತ್ತರೆ ಅಥವಾ ಗಾಯವಾಗಿ ಮಲಗಿದರೆ ಹೆಂಡತಿಗೆ ಇದ್ದ ಕೆಲವೇ ದಾರಿಗಳಲ್ಲಿ ಒಂದು ಕ್ವಿಲ್ಟ್ ಹೊಲಿಯೋದು. ಆದರೆ ಬಟ್ಟೆ, ಹತ್ತಿ ತರೋಕೆ ಬಂಡವಾಳ ಎಲ್ಲಿಂದ?

ಅದಕ್ಕೆ ಅವರು ಕ್ಲಬ್ ಮಾಡ್ಕೊಂಡ್ರು. ಅಕ್ಕಪಕ್ಕದ ಮನೆಯವರು ಸದಸ್ಯರು. ಪ್ರತಿ ವಾರ ಎಲ್ಲರೂ ಸ್ವಲ್ಪ ಸ್ವಲ್ಪ ದುಡ್ಡು ಕೊಡೋದು. ಆ ದುಡ್ಡಲ್ಲಿ ಅವಳು ಸಾಮಾನು ತಂದು ಹೊಲಿದು, ಸರದಿ ಪ್ರಕಾರ ಒಬ್ಬೊಬ್ಬರಿಗೆ ಒಂದೊಂದು ಕ್ವಿಲ್ಟ್ ಕೊಡೋದು. ನಮ್ಮ ಅಮ್ಮಂದಿರ ಚೀಟಿ ನೆನಪಾಯ್ತಾ? ಸೀರೆ ಚೀಟಿ, ಪಾತ್ರೆ ಚೀಟಿ ಅಂತ ಮಾಡ್ತಾರಲ್ಲ, ಅದೇ ಲೆಕ್ಕ. ಗ್ರಾಹಕರೇ ಮುಂಗಡ ಕೊಟ್ಟು ವರ್ಕಿಂಗ್ ಕ್ಯಾಪಿಟಲ್ ಒದಗಿಸೋದು. ಬ್ಯಾಂಕ್ ಇಲ್ಲ, ಬಡ್ಡಿ ಇಲ್ಲ, ಬೀದಿಯ ನಂಬಿಕೆ ಅಷ್ಟೇ.

ಇಂಥ ಹೆಂಗಸಿನ ಕಣ್ಣಲ್ಲಿ ಗುರುತಿನ ವಿಷಯ ನೋಡಿ. ಕ್ಲಬ್ ಕ್ವಿಲ್ಟ್ ಬೇಗ ಮುಗೀಬೇಕು, ಮುಂದಿನ ಸರದಿಯವರು ಕಾಯ್ತಿರ್ತಾರೆ. ಅಚ್ಚು ಇಟ್ಟು ಗುರುತು ಹಾಕೋಕೆ ಹೋದ ಪ್ರತಿ ಗಂಟೆಯೂ ಹೊಲಿಗೆಯಿಂದ ಕಳೆದ ಗಂಟೆ. ಬರೆದುಕೊಟ್ಟ ಬಟ್ಟೆ ತಗೊಂಡ್ರೆ ಸಮಯ ಉಳಿಯುತ್ತೆ, ಆದರೆ ಬರೆದವರಿಗೆ ಕೊಡೋ ದುಡ್ಡು ಅವಳ ಚಿಕ್ಕ ಲಾಭದಿಂದಲೇ ಹೋಗುತ್ತೆ. ಸ್ವಂತ ಮಾಡೋದಾ, ಹೊರಗಿಂದ ಕೊಳ್ಳೋದಾ? ನಾವು ಎಕ್ಸಾಮಲ್ಲಿ ಐದು ಮಾರ್ಕಿಗೆ ಬರೆಯೋ ಪ್ರಶ್ನೆಗೆ ಅವಳು ಮನೆ ಬಾಡಿಗೆ, ಮಕ್ಕಳ ಊಟ ಇಟ್ಕೊಂಡು ಉತ್ತರ ಹುಡುಕಬೇಕಿತ್ತು.

(7/11) ಗಣಿ ಊರಿಂದ ಐಷಾರಾಮಿ ಹೋಟೆಲಿಗೆ

1928ರಲ್ಲಿ ರೂರಲ್ ಇಂಡಸ್ಟ್ರೀಸ್ ಬ್ಯೂರೋ ಅನ್ನೋ ಸಂಸ್ಥೆ ವೇಲ್ಸ್ ಮತ್ತು ಡರ್ಹಮ್‌ನಲ್ಲಿ ಕ್ವಿಲ್ಟ್ ಯೋಜನೆ ಶುರು ಮಾಡ್ತು. ಕಲ್ಲಿದ್ದಲು ವ್ಯಾಪಾರ ನೆಲಕಚ್ಚಿತ್ತು, ಗಂಡಸರಿಗೆ ಕೆಲಸ ಇಲ್ಲ. ಹೆಂಗಸರ ಕೈಕೆಲಸ ಲಂಡನ್ನಿನ ಮಾರ್ಕೆಟ್ ತಲುಪಿದರೆ ಮನೆ ನಡೆಯುತ್ತೆ ಅನ್ನೋದು ಯೋಚನೆ. ಲಂಡನ್ನಿನಲ್ಲಿ ಮ್ಯೂರಿಯಲ್ ರೋಸ್ ಅವರ ಲಿಟಲ್ ಗ್ಯಾಲರಿ ಅನ್ನೋ ಅಂಗಡಿ ಇವನ್ನ ಮಾರ್ತು. 1932ರ ಹೊತ್ತಿಗೆ ಕ್ಲಾರಿಜಸ್ ಅನ್ನೋ ದೊಡ್ಡ ಹೋಟೆಲ್ ತನ್ನ ಹೊಸ ಭಾಗದ ಕೋಣೆಗಳಿಗೆ ಕ್ವಿಲ್ಟ್ ಆರ್ಡರ್ ಕೊಡ್ತು.

ಇಲ್ಲಿ ಗುರುತಿನ ಸಮಸ್ಯೆ ಹೊಸ ರೂಪದಲ್ಲಿ ಬಂತು. ಊರಿನ ಹತ್ತಿ ಕ್ವಿಲ್ಟ್ ಆದರೆ ಒಗೆದು ಗೆರೆ ತೆಗೀಬಹುದು. ಲಂಡನ್ನಿನ ಗಿರಾಕಿಗೆ ಬೇಕಿದ್ದು ತೆಳು ಬಣ್ಣದ ರೇಷ್ಮೆ, ಸ್ಯಾಟಿನ್. ಹೊಸ ರೇಷ್ಮೆಯನ್ನ ಒಗೆದು ಮಾರೋಕಾಗುತ್ತಾ? ಹೊಳಪು ಹೋಗುತ್ತೆ, ಹೊಸದು ಅನ್ನೋ ಮೆರುಗು ಹೋಗುತ್ತೆ. ಇಂಥ ಬಟ್ಟೆಗೆ ಒಂದು ಚುಕ್ಕಿ ನೀಲಿ ಬಿದ್ದರೂ ಕಷ್ಟ. ಇಂಥ ಕಡೆ ಕೆಲಸಕ್ಕೆ ಬರೋದು ಹಳೇ ಮೊಂಡು ಸೂಜಿಯೇ. ಏನೂ ಉಳಿಸದ ಗುರುತು ಅದೊಂದೇ.

ಎರಡನೇ ಮಹಾಯುದ್ಧ ಬಂದಾಗ ಆ ಯೋಜನೆ ನಿಂತುಹೋಯ್ತು. 1941ರಿಂದ ಬ್ರಿಟನ್ನಿನಲ್ಲಿ ಬಟ್ಟೆಗೂ ರೇಷನ್. ಯುದ್ಧದ ನಂತರ ರೆಡಿಮೇಡ್ ಹೊದಿಕೆಗಳು ಬಂದ್ವು, ಹೊಲಿಯೋರು ಕಡಿಮೆಯಾದ್ರು. ಬ್ಯೂರೋ ಕೆಲಸದಲ್ಲಿದ್ದ ಮೇವಿಸ್ ಫಿಟ್ಜ್‌ರಾಂಡಾಲ್ಫ್ 1954ರಲ್ಲಿ ಬ್ರಿಟನ್ನಿನ ಕ್ವಿಲ್ಟಿಂಗ್ ಬಗ್ಗೆ ಪುಸ್ತಕ ಬರೆದ್ರು. ಕ್ವಿಲ್ಟ್ ಹೊಲಿಯೋರ ಮಾತು, ನೆನಪು ಕೇಳಿ ಬರೆದ ಪುಸ್ತಕ ಅದು. ಗಾರ್ಡಿನರ್, ಸ್ಯಾಂಡರ್ಸನ್ ಬಗ್ಗೆ ನಮಗೆ ಇಷ್ಟಾದರೂ ಗೊತ್ತಿರೋದು ಹೀಗೆ ಯಾರೋ ಸಮಯಕ್ಕೆ ಸರಿಯಾಗಿ ಕೇಳಿ ಬರೆದಿಟ್ಟಿದ್ದರಿಂದ.

(8/11) ದಾಲ್ಚಿನ್ನಿ ಪುಡಿ ಮತ್ತು ನೀಲಿ ಚುಕ್ಕಿ

ಅಮೆರಿಕದಲ್ಲೂ ಕ್ವಿಲ್ಟ್ ದೊಡ್ಡ ಪರಂಪರೆ, ಅಲ್ಲೂ ಇದೇ ಜಗಳ. ಅವರ ಅಡುಗೆಮನೆ ಉಪಾಯಗಳು ನನಗೆ ತುಂಬಾ ಇಷ್ಟ. ಕಾಗದದ ಮೇಲೆ ಡಿಸೈನ್ ಬರೆದು, ಗೆರೆ ಉದ್ದಕ್ಕೂ ಸೂಜಿಯಿಂದ ತೂತು ಮಾಡಿ, ಬಟ್ಟೆ ಮೇಲಿಟ್ಟು ಪುಡಿ ಉಜ್ಜೋದು. ಬಿಳಿ ಬಟ್ಟೆಗೆ ದಾಲ್ಚಿನ್ನಿ ಪುಡಿ, ಕಪ್ಪು ಬಟ್ಟೆಗೆ ಕಾರ್ನ್ ಹಿಟ್ಟು. ತೂತಿನ ಮೂಲಕ ಚುಕ್ಕಿ ಚುಕ್ಕಿಯಾಗಿ ಡಿಸೈನ್ ಇಳಿಯುತ್ತೆ. ಹೊಲಿದ ಮೇಲೆ ಕೊಡವಿದರೆ ಸಾಕು. ಸವೆದು ತೆಳ್ಳಗಾದ ಸೋಪಿನ ಚೂರನ್ನೂ ಪೆನ್ಸಿಲ್ ತರ ಬಳಸ್ತಿದ್ರು. ಒಗೆಯೋಕೆ ಬೇಕಾದ ಸೋಪೇ ಗುರುತು!

1915ರಲ್ಲಿ ಮೇರಿ ವೆಬ್‌ಸ್ಟರ್ ಅನ್ನೋರು ಕ್ವಿಲ್ಟ್ ಬಗ್ಗೆ ಅಮೆರಿಕದ ಮೊದಲ ಪುಸ್ತಕ ತಂದ್ರು. ಅವರ ಕ್ವಿಲ್ಟ್‌ಗಳ ಚಿತ್ರ ಅದಕ್ಕೂ ಮುಂಚೆಯೇ ಪತ್ರಿಕೆಯಲ್ಲಿ ಬಂದು, ಜನ ನಮೂನೆ ಬೇಕು ಅಂತ ಕೇಳತೊಡಗಿ, ಅವರು ನಮೂನೆಗಳನ್ನ ಅಂಚೆಯಲ್ಲಿ ಮಾರ್ತಿದ್ರು. ಆಮೇಲೆ ಕಂಪನಿಗಳು ಕಿಟ್ ಮಾಡಿ ಮಾರಿದ್ವು. ಬಟ್ಟೆ ಮೇಲೆ ಹೊಲಿಗೆಯ ಗೆರೆ ಮೊದಲೇ ನೀಲಿ ಚುಕ್ಕಿಗಳಲ್ಲಿ ಪ್ರಿಂಟ್ ಆಗಿರ್ತಿತ್ತು. ಆಲನ್‌ಹೆಡ್ಸ್‌ನಲ್ಲಿ ಸ್ಯಾಂಡರ್ಸನ್ ಕೈ ಮಾಡ್ತಿದ್ದ ಕೆಲಸವನ್ನ ಇಲ್ಲಿ ಯಂತ್ರ ಮಾಡ್ತು.

ಆ ಚುಕ್ಕಿಗಳ ಮೇಲೆ ಹೊಲಿದು, ಒಗೆಯದೇ ಪೆಟ್ಟಿಗೆಯಲ್ಲಿಟ್ಟ ಕ್ವಿಲ್ಟ್‌ಗಳು ಈಗಲೂ ಸಿಗ್ತವೆ. ನೀಲಿ ಚುಕ್ಕಿ ಕಂಡ್ರೆ ಹಳೇ ಸಾಮಾನು ಬಲ್ಲವರು ಕಿಟ್ ಅಂತ ತಕ್ಷಣ ಹೇಳ್ತಾರೆ. ಗಮನಿಸಿ: ಇಂಗ್ಲೆಂಡಿನ ನೀಲಿ ಗೆರೆ ಒಬ್ಬ ಮನುಷ್ಯಳ ಕಡೆ ಬೆರಳು ತೋರಿಸುತ್ತೆ, ಇಲ್ಲಿನ ನೀಲಿ ಚುಕ್ಕಿ ಒಂದು ಫ್ಯಾಕ್ಟರಿ ಕಡೆ.

(9/11) ಪೆನ್ ಕಾಲ

20ನೇ ಶತಮಾನದ ಕೊನೆಗೆ ನೀರಿಗೆ ಕರಗೋ ನೀಲಿ ಪೆನ್ನುಗಳು ಬಂದ್ವು. ಬರೆಯಿರಿ, ಹೊಲಿಯಿರಿ, ತಣ್ಣೀರಲ್ಲಿ ಅದ್ದಿ, ಮಾಯ. ಎರಡು ಷರತ್ತು ಇವೆ. ಗೆರೆ ತೆಗೆಯೋಕೆ ಮುಂಚೆ ಐರನ್ ಮಾಡಬಾರದು, ಬಿಸಿ ತಾಗಿದರೆ ಗೆರೆ ಬಟ್ಟೆಯಲ್ಲೇ ಕೂತುಬಿಡಬಹುದು. ಮತ್ತೆ ಮೊದಲ ಸಲ ಬರೀ ನೀರು, ಸೋಪು ಆಮೇಲೆ. ನೀಲಿ ಹೋಗಿ ಕಂದು ಕಲೆ ಉಳಿದಿರೋ ಕಥೆಗಳು ಹೊಲಿಯೋರ ನಡುವೆ ಬೇಕಾದಷ್ಟಿವೆ.

ಆಮೇಲೆ ನಿಮ್ಮೆಲ್ಲರ ಪೌಚಲ್ಲಿ ಇರಬಹುದಾದ ಪೆನ್. ಜಪಾನಿನ ಪೈಲಟ್ ಕಂಪನಿಯ ಫ್ರಿಕ್ಸಿಯನ್. 2006ರಲ್ಲಿ ಯುರೋಪಿನಲ್ಲಿ, 2007ರಲ್ಲಿ ಜಪಾನಿನಲ್ಲಿ ಬಾಲ್ ಪೆನ್ ಆಗಿ ಬಂತು. ಹಿಂದಿನ ರಬ್ಬರಿನಿಂದ ಉಜ್ಜಿದರೆ ಬಿಸಿಯಾಗಿ ಶಾಯಿ ಬಣ್ಣ ಕಳ್ಕೊಳ್ಳುತ್ತೆ, ಸುಮಾರು 60 ಡಿಗ್ರಿ ದಾಟಿದಾಗ. ಕ್ವಿಲ್ಟ್ ಹೊಲಿಯೋರು ಇದನ್ನ ಕಂಡು ಕುಣಿದಾಡಿದ್ರು. ಬಟ್ಟೆ ಮೇಲೆ ಬರೆದು, ಹೊಲಿದು, ಐರನ್ ಹಾಕಿದರೆ ಗೆರೆ ಮಾಯ. ಹಳೇ ಪೆನ್ನಿಗೆ ಐರನ್ ಶತ್ರು, ಇದಕ್ಕೆ ಐರನ್ನೇ ರಬ್ಬರ್.

ಆದರೆ ಶಾಯಿ ಎಲ್ಲೂ ಹೋಗಿರಲ್ಲ. ಬಟ್ಟೆಯಲ್ಲೇ ಇರುತ್ತೆ, ಬಣ್ಣ ಮಾತ್ರ ಇರಲ್ಲ. ಮೈನಸ್ 10 ಡಿಗ್ರಿಗಿಂತ ಕೆಳಗೆ ಚಳಿ ಬಿದ್ದರೆ ಬಣ್ಣ ವಾಪಸ್ ಬರೋಕೆ ಶುರು, ಮೈನಸ್ 20ರ ಹೊತ್ತಿಗೆ ಪೂರ್ತಿ ಹಾಜರ್. ಹಿಮ ಬೀಳೋ ದೇಶದಲ್ಲಿ ರಾತ್ರಿಯೆಲ್ಲ ಕಾರಿನಲ್ಲಿ ಬಿಟ್ಟ ಕ್ವಿಲ್ಟ್ ಬೆಳಿಗ್ಗೆ ತೆಗೆದರೆ ಎಲ್ಲ ಗೆರೆಯೂ ಎದ್ದು ಕೂತಿರುತ್ತೆ. ಕಪ್ಪು ಬಟ್ಟೆ ಮೇಲೆ ಐರನ್ ಮಾಡಿದ ಮೇಲೂ ಬಿಳಿಚಿದ ನೆರಳು ಉಳಿಯೋದುಂಟು. ಸಹಿಗೆ, ದಾಖಲೆ ಪತ್ರಕ್ಕೆ ಈ ಪೆನ್ ಬಳಸಬೇಡಿ ಅಂತ ಕಂಪನಿಯೇ ಹೇಳುತ್ತೆ. ಚೆಕ್ ಬರೆಯೋರು ನೆನಪಿಟ್ಕೊಳ್ಳಿ.

(10/11) ನಮ್ಮ ಕಡೆ

ಬಟ್ಟೆ ಮೇಲೆ ಬರೆಯೋದು, ಆಮೇಲೆ ತೆಗೆಯೋದು ನಮ್ಮ ದೇಶದಲ್ಲೂ ಹಳೇ ಕಸುಬು. ಲಖನೌದ ಚಿಕನ್ ಕಸೂತಿಗೆ ಮೊದಲು ಮರದ ಅಚ್ಚಿನಿಂದ ನೀಲಿಯಲ್ಲಿ ಡಿಸೈನ್ ಒತ್ತುತ್ತಾರೆ, ಕಸೂತಿ ಮುಗಿದ ಮೇಲೆ ಒಗೆದು ತೆಗೀತಾರೆ. ಒತ್ತೋರು ಬೇರೆ, ಹೊಲಿಯೋರು ಬೇರೆ, ಒಗೆಯೋರು ಬೇರೆ. ಆಲನ್‌ಹೆಡ್ಸ್‌ಗಿಂತ ಒಂದು ಕೈ ಜಾಸ್ತಿ.

ಅಷ್ಟು ದೂರ ಯಾಕೆ, ನಿಮ್ಮೂರಿನ ಆರಿ ವರ್ಕ್ ಅಂಗಡಿಗೆ ಹೋಗಿ. ಮದುವೆ ಬ್ಲೌಸಿನ ಡಿಸೈನನ್ನ ಟ್ರೇಸಿಂಗ್ ಪೇಪರ್ ಮೇಲೆ ಬರೆದು, ಸೂಜಿಯಿಂದ ಚುಚ್ಚಿ, ಪುಡಿಯನ್ನ ಸೀಮೆಎಣ್ಣೆಯಲ್ಲಿ ಕಲಸಿ ಬಟ್ಟೆ ತುಂಡಿನಿಂದ ಉಜ್ಜುತ್ತಾರೆ. ಅಮೆರಿಕದ ದಾಲ್ಚಿನ್ನಿ ಉಪಾಯದ್ದೇ ತಮ್ಮ. ಎಣ್ಣೆ ಆರಿದ ಮೇಲೂ ಪುಡಿ ಕೂತಿರುತ್ತೆ, ಹೊಲಿಗೆ ಮುಗಿದ ಮೇಲೆ ಉಳಿದದ್ದನ್ನ ಒರೆಸ್ತಾರೆ.

ಇನ್ನು ಗುರುತೇ ಬೇಡದ ಕೆಲಸಗಳೂ ನಮ್ಮಲ್ಲಿವೆ. ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ ಹೊಲೀತಾರೆ. ಗೋಪುರ, ತೇರು, ಆನೆ ಎಲ್ಲ ಎಣಿಕೆಯಲ್ಲೇ. ಬಟ್ಟೆಯೇ ಗ್ರಾಫ್ ಪೇಪರ್. ಹಳೇ ಸೀರೆ, ಧೋತರ ಪದರ ಪದರ ಹಾಕಿ ಹೊಲಿಯೋ ಕೌದಿಯಲ್ಲೂ ಪೆನ್ಸಿಲ್ ಇಲ್ಲ. ಹಿಂದಿನ ಸಾಲಿನ ಹೊಲಿಗೆಯೇ ಮುಂದಿನ ಸಾಲಿಗೆ ಗುರುತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ತಮ್ಮ ಕವಂದಿಯನ್ನ ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರ್ತಾರೆ, ಮೂಲೆಗೆ ಬಟ್ಟೆ ಮಡಿಸಿದ ಹೂ ಇಡ್ತಾರೆ. ಅಲ್ಲಿ ಬರೆಯೋಳೂ ಹೊಲಿಯೋಳೂ ಒಬ್ಬಳೇ. ಅಳಿಸೋಕೆ ಏನೂ ಇಲ್ಲ.

ಆದ್ರೆ ಅಲ್ಲೂ ಹೆಸರು ಉಳಿಯುತ್ತಾ? ನಮ್ಮ ಮನೆಯಲ್ಲಿ ಎರಡು ಕೌದಿ ಇವೆ. ಒಂದು ಅಜ್ಜಿ ಹೊಲಿದಿದ್ದು, ಅದು ಎಲ್ಲರಿಗೂ ಗೊತ್ತು. ಇನ್ನೊಂದು ಮನೆ ಬಾಗಿಲಿಗೆ ಬಂದು ಹೊಲಿದುಕೊಟ್ಟ ಹೆಂಗಸಿನದು. ಹೆಸರು ಕೇಳಿದ್ರೆ "ಕೌದಿ ಹೊಲಿಯೋಕೆ ಬರ್ತಿದ್ಲಲ್ಲ, ಅವಳು" ಅಂತಾರೆ. ಎರಡರಲ್ಲಿ ಹೊಲಿಗೆ ಹೆಚ್ಚು ನೇರ ಇರೋದು ಅವಳದೇ.

(11/11) ಕೊನೆ ಮಾತು

ಗುರುತು ಅಳಿಸೋದು ತಪ್ಪು ಅಂತ ನಾನು ಹೇಳ್ತಿಲ್ಲ. ಅಳಿಯದ ಗೆರೆ ಹೊಲಿಯೋಳ ತಿಂಗಳುಗಳ ಶ್ರಮವನ್ನ ಹಾಳು ಮಾಡುತ್ತೆ. ಸ್ಯಾಂಡರ್ಸನ್ ಬರೆದಿದ್ದೇ ಅದು ಹೋಗಲಿ ಅಂತ. ನೀಲಿ ಉಳಿದ ಕ್ವಿಲ್ಟ್ ಅವರಿಗೆ ಇಷ್ಟ ಆಗ್ತಿತ್ತೋ ಇಲ್ಲವೋ.

ನಾನು ಹೇಳ್ತಿರೋದು ಲೆಕ್ಕದ ವಿಷಯ. ಗೆರೆ ಬಟ್ಟೆಯಿಂದ ಹೋಗಲಿ, ಪುಸ್ತಕದಿಂದ ಹೋಗಬಾರದು. ಗಾರ್ಡಿನರ್ ಮತ್ತು ಸ್ಯಾಂಡರ್ಸನ್ ಹೆಸರು ಉಳಿದಿದ್ದು ಎರಡೇ ಕಾರಣಕ್ಕೆ: ಕೆಲವು ಮನೆಗಳಲ್ಲಿ ಕ್ವಿಲ್ಟ್ ಒಗೆಯದೇ ಉಳಿದಿದ್ದು, ಮತ್ತೆ ಕಲಿತವರು ಬದುಕಿರುವಾಗ ಯಾರೋ ಹೋಗಿ ಕೇಳಿದ್ದು. ಒಂದು ಆಕಸ್ಮಿಕ. ಇನ್ನೊಂದು ನಮ್ಮ ಕೈಯಲ್ಲಿದೆ.

ಆರಿ ವರ್ಕಿನ ಬಿಲ್ ಬಂದಾಗ "ಬರೀ ಗೆರೆ ಎಳೆಯೋಕೆ ಇಷ್ಟು ದುಡ್ಡಾ?" ಅಂತ ಚೌಕಾಸಿ ಮಾಡೋದನ್ನ ನೀವೂ ಕೇಳಿರ್ತೀರಿ. ಮುಗಿದ ಬ್ಲೌಸಿನಲ್ಲಿ ಆ ಗೆರೆ ಕಾಣಲ್ಲ ನಿಜ. ಆದರೆ ನವಿಲು ಬೆನ್ನ ಮಧ್ಯಕ್ಕೆ ಸರಿಯಾಗಿ ಕೂತಿದೆ ಅಲ್ವಾ? ಅದನ್ನ ಕೂರಿಸಿದ್ದು ಆ ಗೆರೆ.

ಒಂದು ಕೆಲಸ ಮಾಡಿ. ಈ ವಾರ ನಿಮ್ಮ ಮನೆಯ ಕೌದಿ, ಕಸೂತಿ ಸೀರೆ, ಅಮ್ಮನ ಮದುವೆ ಬ್ಲೌಸ್, ಯಾವುದಾದ್ರೂ ಒಂದನ್ನ ತೆಗೆದು ಕೇಳಿ: ಇದನ್ನ ಹೊಲಿದೋರು ಯಾರು, ಡಿಸೈನ್ ಬರೆದೋರು ಯಾರು, ಎಷ್ಟು ಕೊಟ್ರಿ. ಗೊತ್ತಾದದ್ದನ್ನ ಒಂದು ಚೀಟಿಯಲ್ಲಿ ಬರೆದು ಆ ಬಟ್ಟೆ ಜೊತೆಗೇ ಇಡಿ. ಅಳಿಸದ ಪೆನ್ನಲ್ಲಿ.

ಎಷ್ಟು ಜನರಿಗೆ ಉತ್ತರ ಸಿಕ್ತು ಅಂತ ಕಾಮೆಂಟಲ್ಲಿ ಹೇಳಿ. ಸೇವ್ ಮಾಡಿಟ್ಕೊಳ್ಳಿ, ಹೊಲಿಗೆ ಗೊತ್ತಿರೋ ಒಬ್ಬರಿಗೆ ಕಳಿಸಿ. 🧵

#ಕ್ವಿಲ್ಟ್_ಕಥೆ #ನೀಲಿಗೆರೆ #ಕೌದಿ #ಕಸೂತಿ #ಕನ್ನಡದಲ್ಲಿ_ಇತಿಹಾಸ #ಬಿಕಾಂ_ಹುಡುಗರು_ಹುಡುಗೀರು